ಬಕೆಟ್ಟಿನಲ್ಲಿ ಕಾಲಿಟ್ಟು ಕೂತ ಚಾಂಪಿಯನ್

ಡ್ಯಾನ್‌ವಿಲ್, ಮೂರನೆಯ ದಿನ

ಅಮೆರಿಕಕ್ಕೆ ಹೊರಡುವವರೆಲ್ಲ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಳ್ಳುತ್ತಾರೆ. ನಾನೂ ಕಟ್ಟಿಕೊಂಡೆ. ಅದರ ಜೊತೆಗೆ ನನ್ನ ಹಳೆಯ ಸ್ಟೀಲ್ ವಿಷಲನ್ನೂ ಕೈಚೀಲಕ್ಕೆ ಹಾಕಿಕೊಂಡೆ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮೇಡಂ ಆಗಿದ್ದವಳು ನಾನು. ನಿವೃತ್ತಿಯಾಗಿ ಆರು ವರ್ಷ ಕಳೆದರೂ ಆ ವಿಷಲ್ ಹತ್ತಿರವಿಲ್ಲದಿದ್ದರೆ ಮನೆಗೆ ಬೀಗ ಹಾಕದೆ ಬಂದ ಹಾಗಾಗುತ್ತದೆ.

ಅದನ್ನು ತರಬಾರದಿತ್ತು ಎಂದು ಗೊತ್ತಾದದ್ದು ಮೂರನೆಯ ದಿನ. ನನ್ನ ತಂಗಿ ನಳಿನಿ ಡ್ಯಾನ್‌ವಿಲ್‌ನಲ್ಲಿ ಮಕ್ಕಳ ಡಾಕ್ಟರು. ಸಂಜೆ ತನ್ನ ಮನೆಯ ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಎತ್ತರದ ಕಂಬಿಗೆ ಮೊಣಕಾಲು ಸಿಕ್ಕಿಸಿ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದಳು. ಅವಳ ತಾಯಿ ಬೆಂಚಿನ ಮೇಲೆ ಕೂತು ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದಳು. ನನ್ನ ಕೈ ನನ್ನ ಅಪ್ಪಣೆಗೆ ಕಾಯಲಿಲ್ಲ. ವಿಷಲ್ ಬಾಯಿಗೆ ಹೋಯಿತು, ಊದಿಬಿಟ್ಟೆ.

ಇಡೀ ಪಾರ್ಕು ನಿಂತುಹೋಯಿತು. ಓಡುತ್ತಿದ್ದ ಹಿರಿಯರೊಬ್ಬರು ನಿಂತಲ್ಲೇ ಎರಡೂ ಕೈ ಮೇಲೆತ್ತಿದರು. ದೊಡ್ಡ ನಾಯಿಯೊಂದು ತಟ್ಟನೆ ಕೂತುಕೊಂಡಿತು. ಹುಡುಗಿ ಮಾತ್ರ ಆರಾಮವಾಗಿ ಕೈ ಚಾಚಿ, ಒಂದು ಸುತ್ತು ತಿರುಗಿ ಕೆಳಗೆ ಹಾರಿದಳು. ನೆಲವೆಲ್ಲ ರಬ್ಬರು. ನಮ್ಮ ಶಾಲೆಯ ಮೈದಾನದ ಜಲ್ಲಿ ನೆನಪಾಗಿ ನನಗೆ ಸಣ್ಣಗೆ ಹೊಟ್ಟೆಯುರಿಯಿತು. ಆ ತಾಯಿ ಎದ್ದು ಬಂದು, ನೀವು ಚೆನ್ನಾಗಿದ್ದೀರಾ ಎಂದು ನನ್ನನ್ನೇ ಕೇಳಿದಳು. ಇಲ್ಲಿಯವರ ಈ ಅಭ್ಯಾಸ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ತಪ್ಪು ಮಾಡಿದವರ ಕ್ಷೇಮವನ್ನೇ ಮೊದಲು ವಿಚಾರಿಸುತ್ತಾರೆ.

"ಅಕ್ಕಾ, ಆ ವಿಷಲ್ ಕೊಡು ಇಲ್ಲಿ," ಎಂದಳು ನಳಿನಿ ಕಾರಿನಲ್ಲಿ. "ಇನ್ನೊಂದ್ಸಲ ಊದಿದ್ರೆ ಯಾರಾದ್ರೂ ಪೊಲೀಸ್‌ಗೆ ಕಾಲ್ ಮಾಡ್ತಾರೆ ಅಷ್ಟೇ."

"ಮಗು ಬಿದ್ದಿದ್ರೆ?"

"ಬಿದ್ದಿದ್ರೆ ಏಳ್ತಿತ್ತು. ಅಂದ ಹಾಗೆ ನಿಂಗೆ ಹೇಳೋದೇ ಮರ್ತೆ. ನಿನ್ನ ಸ್ಟೂಡೆಂಟ್ ಒಬ್ಳು ಲಿವರ್‌ಮೋರ್ ಟೆಂಪಲ್‌ನಲ್ಲಿ ಸಿಕ್ಕಿದ್ಲು. ಸುನೀತಾ ಅಂತ. ನಿನ್ ಹೆಸರು ಹೇಳಿದ್ದೇ ತಡ, ಕೈ ಹಿಡ್ಕೊಂಡ್ಬಿಟ್ಲು. ಮೇಡಂ ಬಂದ್ರೆ ನಾನು ನೋಡ್ಲೇಬೇಕು, ಒಂದು ವಿಷಯ ಇದೆ ಅಂದ್ಲು."

"ಯಾವ ಸುನೀತಾ?" ಎಂದೆ, ಗೊತ್ತಿದ್ದೂ.

"ಸ್ವಲ್ಪ ಕುಂಟ್ತಾಳೆ, ನೋಡು. ಎಡಗಾಲು."

ನಾನು ಸೀಟ್‌ಬೆಲ್ಟಿನಲ್ಲಿ ಸಿಕ್ಕಿಕೊಂಡ ಸೆರಗನ್ನು ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಮನೆ ಬರುವವರೆಗೂ ಆ ಸೆರಗು ಬಿಡಲಿಲ್ಲ.

ತಂಗಿಯ ಮನೆ, ನಾಲ್ಕು ದಿನದ ತಲೆನೋವು

ಮುಂದಿನ ನಾಲ್ಕು ದಿನ ನನಗೆ ತಲೆನೋವು. ವಿಮಾನದ ಆಯಾಸ ಎಂದು ತಂಗಿ ತಿಳಿದಳು. ನಾನೂ ಹೂಂ ಎಂದೆ. ನಿಜ ಸಂಗತಿ ಏನೆಂದು ಇಲ್ಲಿ ಹೇಳಿಬಿಡುತ್ತೇನೆ.

ನಾನು ದೈಹಿಕ ಶಿಕ್ಷಣದ ಕಾಲೇಜಿನಲ್ಲಿ ಓದುವಾಗ ಲೈಬ್ರರಿಯ ಮೂಲೆಯಲ್ಲಿ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಒಲಿಂಪಿಕ್ಸ್ ಶುರುವಾದ ಮೊದಮೊದಲ ಕಾಲದ ಕಸರತ್ತುಗಾರರ ಕಥೆಗಳು. ಆಗ ಜಿಮ್ನಾಸ್ಟಿಕ್ಸ್ ಅಂದರೆ ಬಯಲಿನಲ್ಲಿ, ಹುಲ್ಲಿನ ಮೇಲೆ. ಅದರಲ್ಲಿ ಎಮಿಲ್ ಎಂಬುವನ ಅಧ್ಯಾಯ ನನಗೆ ಬಾಯಿಪಾಠವಾಗಿತ್ತು. ಮರದ ಪೀಪಾಯಿ ಮಾಡುವವನ ಮಗ. ಹಗಲೆಲ್ಲ ಅಪ್ಪನ ಜೊತೆ ಹಲಗೆ ಬಗ್ಗಿಸುವುದು, ಸಂಜೆ ಕೊಟ್ಟಿಗೆಯ ತೊಲೆಗೆ ನೇತುಬಿದ್ದು ಅಭ್ಯಾಸ. ಒಲಿಂಪಿಕ್ಸ್‌ನ ಮೊದಲ ದಿನವೇ ಪ್ಯಾರಲಲ್ ಬಾರ್‌ನಲ್ಲಿ ಚಿನ್ನ ಗೆದ್ದ. ಅಂದು ಸಂಜೆಯೇ ಅಭ್ಯಾಸದಲ್ಲಿ ಕಾಲು ಉಳುಕಿತು. 'ಮರುದಿನ ಬೆಳಿಗ್ಗೆ ಆತ ಊದಿದ ಕಾಲಿನಲ್ಲೇ ಮರದ ಕುದುರೆಯ ಮುಂದೆ ಬಂದು ನಿಂತ' ಎಂಬಲ್ಲಿಗೆ ಪುಟ ಮುಗಿಯುತ್ತಿತ್ತು. ಮುಂದಿನದನ್ನು ಗೆದ್ದಲು ತಿಂದಿತ್ತು. ಮರದ ಕುದುರೆ ಅಂದರೆ ಓಡಿಬಂದು, ಕೈಯೂರಿ, ಮೇಲಿಂದ ಹಾರಿ ಆಚೆ ಇಳಿಯಬೇಕಾದ ಸಾಧನ.

ಚಾಂಪಿಯನ್ ಮುಂದೇನು ಮಾಡಿರುತ್ತಾನೆ? ಹಾರಿರುತ್ತಾನೆ, ಇನ್ನೇನು. ಹಾಗೆಂದು ನಾನೇ ಮುಗಿಸಿದೆ. ಊದಿದ ಕಾಲಿನಲ್ಲಿ ಓಡಿದ, ಹಾರಿದ, ಅಲುಗಾಡದೆ ನಿಂತ, ಎರಡನೆಯ ಚಿನ್ನ ಗೆದ್ದ. ಈ ಕಥೆಯನ್ನು ಪ್ರತಿ ವರ್ಷ ಎಂಟನೇ ಕ್ಲಾಸಿಗೆ ಹೇಳುತ್ತಿದ್ದೆ. ಕೊನೆಯನ್ನು ನಾನು ಸೇರಿಸಿದ್ದು ಎಂಬುದು ಕ್ರಮೇಣ ನನಗೇ ಮರೆತುಹೋಯಿತು. ಮೈದಾನದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಯೂ ಇದ್ದೆ: ಬೀಳಬಾರದು, ಬಿದ್ದರೆ ಅಳಬಾರದು.

ಸುನೀತಾ ಒಂಬತ್ತನೇ ಕ್ಲಾಸಿನಲ್ಲಿದ್ದಳು. ನನ್ನ ಇಡೀ ಸರ್ವೀಸಿನಲ್ಲಿ ಅಂಥ ಹುಡುಗಿ ಮತ್ತೊಬ್ಬಳು ಸಿಗಲಿಲ್ಲ. ಆ ವರ್ಷದ ದಸರಾ ಕ್ರೀಡಾಕೂಟದಲ್ಲಿ ಮರದ ಕುದುರೆ ಹಾರುವ ಅವಳ ಸರದಿ ಬರುವ ಹೊತ್ತಿಗೆ ಹತ್ತಿರ ಬಂದು, "ಕಾಲು ನೋಯ್ತಾ ಇದೆ ಮೇಡಂ" ಎಂದಳು. ಮುಟ್ಟಿ ನೋಡಿದೆ. ಊದಿತ್ತು. ನೋಡಿಯೂ, "ಎಮಿಲ್ ಏನ್ಮಾಡ್ದ ಹೇಳು?" ಎಂದೆ. ಆ ಮಗು ಒಂದು ಗಳಿಗೆ ನನ್ನ ಮುಖ ನೋಡಿ, "ಹಾರಿದ ಮೇಡಂ" ಎಂದು ಹೇಳಿ ಓಡಿತು. ಇಳಿದಾಗ ಕಾಲು ಮುರಿದ ಸದ್ದು ಗ್ಯಾಲರಿಯವರೆಗೂ ಕೇಳಿಸಿತು. ಗೋಡೆಯ ಮೇಲೆ ಬರೆದಿದ್ದಂತೆಯೇ ಅವಳು ಅಳಲಿಲ್ಲ.

ಎರಡು ಆಪರೇಷನ್ ಆಯಿತು. ನಾನು ಮೂಸಂಬಿ ಹಿಡಿದುಕೊಂಡು ಆಸ್ಪತ್ರೆಯ ಗೇಟಿನವರೆಗೆ ಹೋದೆ. ಒಳಗೆ ವರಾಂಡದಲ್ಲಿ ಅವಳ ತಾಯಿ ಗೋಡೆಗೆ ಒರಗಿ ನಿಂತದ್ದು ಕಂಡಿತು. ಅಲ್ಲಿಂದಲೇ ತಿರುಗಿ ಆಟೋ ಹತ್ತಿದೆ. ಮೂಸಂಬಿ ಏನಾಯಿತೋ ನೆನಪಿಲ್ಲ. ಆ ಬೇಸಿಗೆಯಲ್ಲಿ ಅವಳ ತಂದೆಗೆ ಬೆಂಗಳೂರಿಗೆ ವರ್ಗವಾಯಿತು. ಎಮಿಲ್‌ನ ಕಥೆ ಹೇಳುವುದನ್ನು ಮಾತ್ರ ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತಿತ್ತಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ, ನನ್ನದೂ ಅದೇ ಜಾತಿ.

ಇದಾಗಿ ಇಪ್ಪತ್ತನಾಲ್ಕು ವರ್ಷ. ತಲೆನೋವಿನ ನಾಲ್ಕನೆಯ ದಿನ ನಳಿನಿ ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ, ಗಿರ ಇಲ್ಲ. ನಾಳೆ ಟೆಂಪಲ್‌ಗೆ ಹೋಗ್ತಿದೀವಿ. ಸುನೀತಾಗೂ ಟೆಕ್ಸ್ಟ್ ಮಾಡಿದೀನಿ" ಎಂದಳು. ಡಾಕ್ಟರ ಮುಂದೆ ಸುಳ್ಳು ನಡೆಯುವುದಿಲ್ಲ.

ಲಿವರ್‌ಮೋರ್, ದೇವಸ್ಥಾನದ ಮೆಟ್ಟಿಲು

ಫ್ರೀವೇಯುದ್ದಕ್ಕೂ ಗುಡ್ಡಗಳು ಒಣಗಿದ ಹುಲ್ಲಿನಿಂದ ಸಿಂಹದ ಮೈಯ ಬಣ್ಣಕ್ಕೆ ತಿರುಗಿದ್ದವು. ದೇವಸ್ಥಾನದಲ್ಲಿ ಅರ್ಚಕರ ದನಿ ಕಿವಿಗೆ ಬೀಳುತ್ತಲೇ ಇತ್ತು, ಮನಸ್ಸಿಗೆ ಒಂದಕ್ಷರವೂ ಇಳಿಯಲಿಲ್ಲ. ಮೂರು ಸಲ ಪ್ರದಕ್ಷಿಣೆ ಬಂದೆ. ಅವಳು ಕಂಡರೆ ಏನು ಹೇಳಬೇಕೆಂದು ಒಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ. 'ಸುನೀತಾ, ನನ್ನಿಂದ ನಿನಗೆ ದೊಡ್ಡ ಅನ್ಯಾಯವಾಯಿತು.' ಶ್ಲೋಕದ ಹಾಗೆ ಅದನ್ನೇ ಹೇಳಿಕೊಳ್ಳುತ್ತ ಹೊರಗೆ ಬಂದೆ.

ಮೆಟ್ಟಿಲ ಕೆಳಗೆ ಪುಳಿಯೋಗರೆಯ ದೊನ್ನೆ ಹಿಡಿದು ಒಬ್ಬಳು ಹೆಂಗಸು ನಿಂತಿದ್ದಳು. ಜೊತೆಗೆ ಒಂಬತ್ತು ವರ್ಷದ ಮಗಳು. ನನ್ನನ್ನು ಕಂಡದ್ದೇ ಆ ಹೆಂಗಸು ಎಡಗಾಲನ್ನು ಸ್ವಲ್ಪ ಎಳೆಯುತ್ತ ಎರಡೆರಡು ಮೆಟ್ಟಿಲು ಹತ್ತಿ ಬಂದಳು. ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆಯೇ ಮಾತು.

"ಕೂದ್ಲು ಯಾಕೆ ಕಟ್ಟಿಲ್ಲ?"

ಸುನೀತಾ ದೊನ್ನೆಯನ್ನು ಮಗಳ ಕೈಗೆ ಕೊಟ್ಟು, ಎರಡೂ ಕೈಯಿಂದ ಕೂದಲು ಬಾಚಿ ಹಿಂದಕ್ಕೆ ಹಿಡಿದುಕೊಂಡಳು. "ಸಾರಿ ಮೇಡಂ, ರಬ್ಬರ್‌ಬ್ಯಾಂಡ್ ಕಾರಲ್ಲಿದೆ" ಎಂದು ನಗತೊಡಗಿದಳು. ನಳಿನಿಯೂ ನಕ್ಕಳು. ನನಗೆ ಮಾತ್ರ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ತಾರಾ, ಇವರೇ ನೋಡು ನನ್ನ ಪಿ.ಟಿ. ಮೇಡಂ. ನಮಸ್ಕಾರ ಮಾಡು."

"ಹಾಯ್ ಅಜ್ಜಿ. ಆರ್ ಯು ದಿ ಎಮಿಲ್ ಸ್ಟೋರಿ ಲೇಡಿ?" ಎಂದಿತು ಆ ಮಗು.

ಈ ಕಥೆ ಇನ್ನೊಂದು ಮಗುವಿಗೂ ತಲುಪಿದೆಯೇ?

"ಮೇಡಂ, ನಿಮ್ಮನ್ನ ಒಂದ್ಕಡೆ ಕರ್ಕೊಂಡ್ ಹೋಗ್ಬೇಕು," ಎಂದಳು ಸುನೀತಾ. "ಹತ್ತೇ ನಿಮಿಷ ಡ್ರೈವು. ಇಲ್ಲ ಅನ್ಬೇಡಿ."

ಇಲ್ಲ ಅನ್ನುವ ಹಕ್ಕು ನನಗೆಲ್ಲಿತ್ತು? ನಳಿನಿಯನ್ನು ಅಲ್ಲೇ ಬಿಟ್ಟು, ಹೋಗಿ ಸುನೀತಾಳ ಕಾರಿನಲ್ಲಿ ಕೂತೆ.

ದ್ರಾಕ್ಷಿತೋಟದ ಆಚೆ, ಪೀಪಾಯಿ ಕೊಟ್ಟಿಗೆ

ದ್ರಾಕ್ಷಿತೋಟಗಳ ನಡುವಿನ ಸಣ್ಣ ದಾರಿಯಲ್ಲಿ ಹೋಗಿ ಒಂದು ಉದ್ದನೆಯ ಮರದ ಕಟ್ಟಡದ ಮುಂದೆ ಕಾರು ನಿಲ್ಲಿಸಿದಳು. ಒಳಗಿನಿಂದ ಮಕ್ಕಳ ಕೂಗಾಟ, ದಪ್ಪ ಹಾಸಿಗೆಯ ಮೇಲೆ ದಬದಬ ಸದ್ದು. ಜಿಮ್ನಾಸ್ಟಿಕ್ಸ್ ಶಾಲೆ ಎಂದು ವಾಸನೆಯಿಂದಲೇ ತಿಳಿಯಿತು. ಬೆವರು ಮತ್ತು ಕೈಗೆ ಹಚ್ಚುವ ಬಿಳಿ ಪುಡಿ ಸೇರಿದ ಆ ವಾಸನೆ ಜಗತ್ತಿನ ಎಲ್ಲ ಕಡೆಯೂ ಒಂದೇ.

ಬಾಗಿಲಲ್ಲೇ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಇಲ್ಲಿ ನನಗೇನಾದರೂ ಪೆಟ್ಟಾದರೆ ಯಾರನ್ನೂ ದೂರುವುದಿಲ್ಲ ಎಂಬ ಒಪ್ಪಂದ. ಈ ದೇಶದಲ್ಲಿ ಬೀಳುವುದಕ್ಕೂ ಮುಂಚೆ ಸಹಿ ಹಾಕಬೇಕು. ಪೆನ್ನು ಕೈಗೆತ್ತಿಕೊಂಡೆ. ಆ ದಿನ ಸುನೀತಾಳ ತಂದೆತಾಯಿಯ ಕೈಯಲ್ಲಿ ಇಂಥದೊಂದು ಸಹಿ ಹಾಕಿಸಿಕೊಂಡಿದ್ದರೆ ನನಗೆ ಇಪ್ಪತ್ತನಾಲ್ಕು ವರ್ಷ ನಿದ್ದೆ ಬರುತ್ತಿತ್ತೇ? ಬರುತ್ತಿರಲಿಲ್ಲ. ಸಹಿ ಹಾಕಿದೆ.

ಶಾಲೆಯನ್ನು ನೋಡಿಕೊಳ್ಳುವ ಡೊರೊಥಿ ಎಂಬಾಕೆಗೆ ಎಂಬತ್ತರ ಆಸುಪಾಸು. ಬೆನ್ನು ಮಾತ್ರ ಕೋಲಿನ ಹಾಗೆ ನೆಟ್ಟಗೆ. ನನ್ನ ಕೈಕುಲುಕಿ, ಮೇಲಿಂದ ಕೆಳಗೆ ನೋಡಿ, ನೀವೂ ನಮ್ಮ ಪೈಕಿಯೇ ಎಂದು ಗೊತ್ತಾಗುತ್ತದೆ ಎಂದಳು. ನನಗೆ ಆಕೆ ತಕ್ಷಣ ಹಿಡಿಸಿದಳು. ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದೇ ಒಂದು ದೊಡ್ಡ ಫೋಟೋ ಇತ್ತು. ಸುನೀತಾ ನನ್ನ ಭುಜ ಹಿಡಿದು ಅದರ ಮುಂದೆ ನಿಲ್ಲಿಸಿದಳು.

ಬಯಲಿನಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ಬಿಳಿ ಬನಿಯನ್ ತೊಟ್ಟ, ಗಿರಿಜಾ ಮೀಸೆಯ ಯುವಕ. ಎದೆಯ ಮೇಲೆ ಪದಕ. ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಒಂದು ಕಾಲನ್ನು ನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟಿದ್ದ. ಹಿಂದೆ ದೂರದಲ್ಲಿ ಯಾರೋ ಮರದ ಕುದುರೆಯ ಮೇಲೆ ಹಾರುತ್ತಿದ್ದರು. ಈತ ಅವರಿಗೆ ಚಪ್ಪಾಳೆ ತಟ್ಟುತ್ತಾ ಬಾಯ್ತುಂಬ ನಗುತ್ತಿದ್ದ.

"ಯಾರಿದು?" ಎಂದೆ.

"ಎಮಿಲ್, ಮೇಡಂ."

"ಸಾಧ್ಯವೇ ಇಲ್ಲ. ಇದು ಬೇರೆ ಯಾವತ್ತಿನದೋ ಫೋಟೋ."

ಡೊರೊಥಿ ತಲೆಯಾಡಿಸಿದಳು. ಚಿನ್ನ ಗೆದ್ದ ಮರುದಿನದ್ದೇ ಅದು. ಎಮಿಲ್ ಊದಿದ ಕಾಲಿನಲ್ಲಿ ಬಂದು ಕುದುರೆಯ ಮುಂದೆ ನಿಂತದ್ದು ನಿಜ. ನಿಂತು ತೀರ್ಪುಗಾರರಿಗೆ ವಂದಿಸಿ, ನನ್ನ ಕಾಲು ಇವತ್ತು ರಜ ಕೇಳುತ್ತಿದೆ ಎಂದು ಹೇಳಿ ಬೆಂಚಿಗೆ ಹೋಗಿ ಕೂತನಂತೆ. ಆ ದಿನದ ಪದಕ ಬೇರೆ ಯಾರಿಗೋ ಹೋಯಿತು. ಕೆಲವು ವರ್ಷದ ಮೇಲೆ ವೈನ್ ಪೀಪಾಯಿ ಮಾಡುವ ಕೆಲಸ ಹಿಡಿದು ಲಿವರ್‌ಮೋರಿಗೆ ಬಂದ. ಇಲ್ಲಿ ಪಾನನಿಷೇಧ ಬಂದಾಗ ಪೀಪಾಯಿ ಕೇಳುವವರಿಲ್ಲದೆ, ಇದೇ ಕೊಟ್ಟಿಗೆಯಲ್ಲಿ ಊರ ಮಕ್ಕಳಿಗೆ ಕಸರತ್ತು ಕಲಿಸಲು ಶುರುಮಾಡಿದ. ಆತನ ಚಿನ್ನದ ಪದಕ ಮೊಳೆಗಳ ಡ್ರಾಯರಿನಲ್ಲಿ ಬಿದ್ದಿರುತ್ತಿತ್ತಂತೆ, ಗೋಡೆಗೆ ಹಾಕಿದ್ದು ಈ ಫೋಟೋವನ್ನು. ಎಪ್ಪತ್ತನೆಯ ಹುಟ್ಟುಹಬ್ಬದ ದಿನ ಕೊಟ್ಟಿಗೆಯ ಈ ತುದಿಯಿಂದ ಆ ತುದಿಗೆ ಕೈಮೇಲೆ ನಡೆದದ್ದನ್ನು, ಆಗ ಏಳು ವರ್ಷದವಳಾಗಿದ್ದ ಡೊರೊಥಿ ಕಣ್ಣಾರೆ ಕಂಡಿದ್ದಳು.

ನಾನು ಹತ್ತಿರದ ಬೆಂಚಿನ ಮೇಲೆ ಕೂತೆ. ಮೂವತ್ತೊಂದು ವರ್ಷ, ವರ್ಷಕ್ಕೊಂದು ಎಂಟನೇ ಕ್ಲಾಸು. ಅಷ್ಟು ಹೆಣ್ಣುಮಕ್ಕಳಿಗೂ ನಾನು ಹೇಳಿದ್ದು ಹಸಿ ಸುಳ್ಳು.

"ತಾರಾನ ಇಲ್ಲಿ ಸೇರಿಸೋಕೆ ಬಂದಾಗ ನೋಡ್ದೆ ಮೇಡಂ," ಎಂದಳು ಸುನೀತಾ ಪಕ್ಕದಲ್ಲಿ ಕೂರುತ್ತಾ. "ಅವಳಿಗೂ ನಿಮ್ಮ ಕಥೆನೇ ಹೇಳಿದ್ದೆ. ಇದನ್ನ ನೋಡಿ ಮೊದಲು ಅಳು ಬಂತು. ಆಮೇಲೆ ಎಷ್ಟು ನಗು ಬಂತು ಅಂದ್ರೆ, ಡೊರೊಥಿ ನೀರು ತಂದ್ಕೊಟ್ರು."

"ಇದನ್ನ ತೋರಿಸಿ ನನ್ನ ನಾಚಿಸೋಕೆ ಕರ್ಕೊಂಡ್ ಬಂದ್ಯಾ?"

"ಅಯ್ಯೋ ಅಲ್ಲ ಮೇಡಂ. ನಿಮಗೂ ಇದು ಗೊತ್ತಿರಲ್ಲ ಅಂದ್ಕೊಂಡೆ."

"ಗೊತ್ತಿರ್ಲಿಲ್ಲ. ಪುಸ್ತಕದ ಆ ಪುಟ ಗೆದ್ದಲು ತಿಂದಿತ್ತು ಕಣೇ. ಹಾರಿದ್ದು, ಗೆದ್ದಿದ್ದು ಎಲ್ಲಾ ನಾನೇ ಸೇರಿಸಿದ್ದು." ಶ್ಲೋಕದಂತೆ ಸಿದ್ಧಮಾಡಿಕೊಂಡ ವಾಕ್ಯ ಎಲ್ಲಿ ಹೋಯಿತೋ. "ನಿನ್ನ ಕಾಲು ಊದಿದ್ದು ನಾನು ನೋಡಿದ್ದೆ ಸುನೀತಾ. ನೋಡಿನೇ ಕಳಿಸ್ದೆ. ಆಮೇಲೆ ಬಂದು ನಿನ್ನ ಮುಖ ನೋಡೋ ಧೈರ್ಯ ಬರ್ಲಿಲ್ಲ."

ಒಳಗೆ ತಾರಾ ದಪ್ಪ ಹಾಸಿಗೆಯ ಮೇಲೆ ಬಿದ್ದು ಏಳುತ್ತಿದ್ದಳು. ಇಬ್ಬರೂ ಅದನ್ನೇ ನೋಡಿದೆವು.

"ಕೋಪ ಇತ್ತು ಮೇಡಂ," ಎಂದಳು ಸುನೀತಾ ಕೊನೆಗೆ. "ಕಾಲಿಗಲ್ಲ. ಕಾಲು ನಾಲ್ಕು ದಿನದಿಂದ ನೋಯ್ತಿತ್ತು, ಟೀಮಿಂದ ತೆಗೀತೀರಿ ಅಂತ ನಿಮ್ಮ ಹತ್ರ ಬಚ್ಚಿಟ್ಟಿದ್ದೆ. ನೀವು ಆಸ್ಪತ್ರೆಗೆ ಬರ್ಲಿಲ್ಲ ಅಂತ ಕೋಪ. ಆದ್ರೆ ಅಮ್ಮ ಹೇಳಿದ್ರು, ನಿಮ್ಮ ಮೇಡಂ ಗೇಟ್ ಹತ್ರ ಬಂದಿದ್ರು, ಕೈಯಲ್ಲಿ ಹಣ್ಣಿತ್ತು, ಅಳ್ತಾ ವಾಪಸ್ ಹೋದ್ರು ಅಂತ. ಒಳಗೆ ಬರ್ಬಹುದಿತ್ತಲ್ಲ ಮೇಡಂ?"

"ಬರ್ಬಹುದಿತ್ತು," ಎಂದೆ.

ಅಷ್ಟು ಹೇಳಿದ ಮೇಲೆ ನನಗೆ ಅಳು ಬಂತು. ಅತ್ತೆ. ಗೋಡೆಯ ಮೇಲೆ ಏನು ಬರೆಸಿದ್ದೆ ಎಂಬುದು ನೆನಪಿಗೂ ಬರಲಿಲ್ಲ. ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಉಸಿರಾಡುವುದು ಇಷ್ಟು ಸುಲಭವೆಂದು ಮರೆತೇ ಹೋಗಿತ್ತು.

ಹೊರಡಲು ಎದ್ದಾಗ ಡೊರೊಥಿ ಬಾಗಿಲಿಗೆ ಅಡ್ಡ ನಿಂತಳು. ಎಮಿಲ್ ಕಾಲದ ಪದ್ಧತಿಯೊಂದು ಇನ್ನೂ ನಡೆಯುತ್ತದಂತೆ. ಮೊದಲ ಸಲ ಬಂದವರು ಯಾರೇ ಆಗಲಿ, ಒಂದು ಸಲ ಬೀಳದೆ ಹೊರಗೆ ಹೋಗುವಂತಿಲ್ಲ. ಮಕ್ಕಳಾದರೆ ಮೂರು ವಾರ ಬರೀ ಬೀಳುವುದೇ ಪಾಠ, ಆಮೇಲೆ ಕಂಬಿ ಮುಟ್ಟುವುದು. ಬಿದ್ದವರಿಗೆ ಹಿತ್ತಲ ಮರದ ಒಂದು ಕಿತ್ತಳೆ ಹಣ್ಣು.

"ನಾನು ಸೀರೆಯಲ್ಲಿದೀನಿ," ಎಂದೆ. "ಅರವತ್ತಾರು ವರ್ಷ ನನಗೆ."

"ಸಹಿ ಹಾಕಿದೀರಲ್ಲ ಮೇಡಂ," ಎಂದಳು ಸುನೀತಾ. "ಜಟ್ಟಿ ಜಾರಿ ಬಿದ್ರೆ ಅದೂ ಒಂದು ಪಟ್ಟು ಅಂತ ನೀವೇ ಹೇಳ್ತಿದ್ರಿ."

ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೆತ್ತರದ ಹಾಸಿಗೆಗೆ ಬೆನ್ನು ಮಾಡಿ ನಿಂತೆ. ಬೀಳುವುದು ಅಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮೈಯ ಒಂದೊಂದು ಸ್ನಾಯುವೂ ಬೇಡ ಬೇಡ ಎನ್ನುತ್ತಿತ್ತು. ಸಾವಿರಾರು ಮಕ್ಕಳನ್ನು ಹಾರಿಸಿದ್ದೆ, ಒಬ್ಬರಿಗೂ ಇದನ್ನು ಕಲಿಸಿರಲಿಲ್ಲ, ನಾನೂ ಕಲಿತಿರಲಿಲ್ಲ. ತಾರಾ ನನ್ನ ಪಕ್ಕ ಬಂದು ನಿಂತಳು.

"ಅಜ್ಜಿ, ಗದ್ದ ಒಳಗೆ. ಡೋಂಟ್ ಲುಕ್ ಬ್ಯಾಕ್. ಜಸ್ಟ್ ಸಿಟ್."

ಗದ್ದ ಒಳಗೆಳೆದುಕೊಂಡೆ. ಎದುರಿಗೆ ಬಾಗಿಲ ಪಕ್ಕದಲ್ಲಿ ಎಮಿಲ್ ಬಕೆಟ್ಟಿನಲ್ಲಿ ಕಾಲಿಟ್ಟು ನಗುತ್ತಿದ್ದ. ಹಿಂದಕ್ಕೆ ಕೂತೆ, ಅಷ್ಟೆ. ಮೇಲಿನ ಹಳೆಯ ತೊಲೆಗಳು ಕಂಡವು, ಮಕ್ಕಳ ಚಪ್ಪಾಳೆ ಕೇಳಿಸಿತು. ಏನೂ ಮುರಿಯಲಿಲ್ಲ. ಎದ್ದು ಬಾ ಎಂದು ಯಾರೂ ಅವಸರ ಮಾಡಲಿಲ್ಲವಾದ್ದರಿಂದ ಒಂದಷ್ಟು ಹೊತ್ತು ಹಾಗೇ ಮಲಗಿದ್ದೆ.

ಡೊರೊಥಿ ಬುಟ್ಟಿಯಿಂದ ಆರಿಸಿ ಒಂದು ಕಿತ್ತಳೆ ಕೊಟ್ಟಳು. ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡು ಸುನೀತಾ ಕೂತಿದ್ದ ಬೆಂಚಿನವರೆಗೆ ನಡೆದೆ. ಅವಳು ಎಡಗಾಲನ್ನು ಮುಂದೆ ಚಾಚಿ ಕೂತಿದ್ದಳು.

"ತಗೋ," ಎಂದೆ. "ಆಸ್ಪತ್ರೆಗೆ ತಂದಿದ್ದು. ಸ್ವಲ್ಪ ತಡ ಆಯ್ತು."

ಸುನೀತಾ ಹಣ್ಣನ್ನು ಒಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬೆಂಚಿನ ಮೇಲೆ ನನಗೆ ಜಾಗ ಬಿಟ್ಟು, ಸಿಪ್ಪೆ ಸುಲಿಯತೊಡಗಿದಳು.